ಮನೆಯೊಳಗಿನ ಚೇಂಬರ್ ಮುಚ್ಚೋಕೆ ಏನ್ ಹಾಕೋದು: ಗ್ರಾನೈಟಾ, ರಿಸೆಸ್ ಕವರಾ, ಫೈಬರಾ?

ಬೆಂಗಳೂರಲ್ಲಿ ಮೂವತ್ತು-ನಲವತ್ತರ ಸೈಟಲ್ಲಿ ಹಳೇ ಮನೆ ಇರೋರಿಗೆ ಈ ತಲೆನೋವು ಹೊಸದೇನಲ್ಲ. ಕಟ್ಟುವಾಗ ಚೇಂಬರ್, ಅಂದ್ರೆ ಕೊಳಚೆ ಪೈಪ್ ತೆಗೆದು ಕ್ಲೀನ್ ಮಾಡೋಕೆ ಇರೋ ಗುಂಡಿ, ಮನೆ ಹಿಂದೆ ಬಿಟ್ಟ ಸೆಟ್‌ಬ್ಯಾಕ್ ಜಾಗದಲ್ಲೋ ಪಕ್ಕದ ಓಣಿಯಲ್ಲೋ ಬಯಲಲ್ಲೇ ಇತ್ತು, ಆಮೇಲೆ ಬಟ್ಟೆ ಒಗೆಯೋಕೆ ಮಳೆ ಬೀಳದ ಜಾಗ ಬೇಕು ಅಂತ ಶೀಟ್ ಹಾಕಿದ್ರು, ಶೀಟ್ ಹೋಗಿ ಆರ್‌ಸಿಸಿ ಬಂತು, ಅಡುಗೆಮನೆ ಗೋಡೆ ಒಡೆದು ದೊಡ್ಡದು ಮಾಡಿದ್ರು, ಕಾರ್ ನಿಲ್ಲಿಸ್ತಿದ್ದ ಜಾಗ ಬಾಡಿಗೆ ಮನೆ ಆಯ್ತು, ಕೊನೆಗೆ ನೋಡಿದ್ರೆ ಯುಜಿಡಿ (ಒಳಚರಂಡಿ) ಲೈನಿನ ಚೇಂಬರ್ ಮನೆಯೊಳಗೇ ಕೂತಿದೆ, ಅದೂ ಹೊಸ ವಿಟ್ರಿಫೈಡ್ ಟೈಲ್ಸ್ ಬರಬೇಕಾದ ಜಾಗದ ನಟ್ಟನಡುವೆ. ಆಗ ಟೈಲ್ಸ್ ಮೇಸ್ತ್ರಿ ಹೇಳೋದು ಒಂದೇ ಮಾತು, "ಮೇಲೆ ಹಾಕಿ ಮುಚ್ಚಿಬಿಡೋಣ ಸಾರ್, ಗೊತ್ತೇ ಆಗಲ್ಲ". ಅಂಗಡಿಯವನು ಸ್ಟೀಲ್ ಕವರ್ ತೋರಿಸ್ತಾನೆ, ಪ್ಲಂಬರ್ ಫೈಬರ್ ಹಾಕಿ ಅಂತಾನೆ, ಮನೆಯಲ್ಲಿ ಹಿರಿಯರು ಒಂದು ಕಡಪ ಕಲ್ಲು ಹಾಕಿದ್ರೆ ಸಾಕಪ್ಪ ಅಂತಾರೆ. ಎಲ್ರೂ ಹೇಳೋದು ಮುಚ್ಚೋದು ಹೆಂಗೆ ಅಂತ. ತೆಗೆಯೋನು ಯಾರು, ಎಷ್ಟು ಸಲ ತೆಗೀತಾನೆ, ಯಾವುದ್ರಲ್ಲಿ ತೆಗೀತಾನೆ ಅಂತ ಯಾರೂ ಕೇಳಲ್ಲ, ನನ್ನ ಪ್ರಕಾರ ಆಯ್ಕೆ ನಿಲ್ಲೋದೇ ಅದ್ರ ಮೇಲೆ.

ಮೊದ್ಲು ಕೆಳಗೆ ಏನಿದೆ ಅಂತ ತೆಗೆದು ನೋಡಿ. ಎಲ್ಲಾನೂ "ಚೇಂಬರ್" ಅಂತಲೇ ಕರೀತಾರೆ ಆದ್ರೆ ಎಲ್ಲಾ ಒಂದೇ ಅಲ್ಲ. ಟಾಯ್ಲೆಟ್ ಲೈನು ಮತ್ತೆ ಬಚ್ಚಲು, ಅಡುಗೆಮನೆ ನೀರು ಸೇರೋ ಇಟ್ಟಿಗೆ ಚೇಂಬರ್ ಇರಬಹುದು. ಅಡುಗೆಮನೆ ನೀರಿಗೆ ಮಾತ್ರ ಹಾಕಿರೋ ಗಲ್ಲಿ ಟ್ರಾಪ್, ಅಂದ್ರೆ ವಾಸನೆ ತಡೆಯೋಕೆ ಸದಾ ನೀರು ನಿಲ್ಲೋ ಸಣ್ಣ ಗುಂಡಿ, ಇರಬಹುದು, ಅದಕ್ಕೆ ತಿಂಗಳಿಗೊಮ್ಮೆ ಕೈ ಹಾಕಬೇಕು ಯಾಕಂದ್ರೆ ಜಿಡ್ಡು, ಅನ್ನದ ಅಗುಳು ಎಲ್ಲಾ ಅಲ್ಲೇ ಕೂರುತ್ತೆ. ಬರೀ ಪೈಪಿನ ಮೇಲಿರೋ ಕ್ಲೀನ್‌ಔಟ್ (ಕ್ಲೀನ್ ಮಾಡೋಕೆ ಬಿಟ್ಟ ಬಾಯಿ) ಮುಚ್ಚಳ ಇರಬಹುದು, ಅದಾದ್ರೆ ನಿಮ್ಮ ಅದೃಷ್ಟ, ಅಂಗೈ ಅಗಲದ ಸ್ಟೀಲ್ ಪ್ಲೇಟ್ ಹಾಕಿ ಸ್ಕ್ರೂ ಬಿಗಿದ್ರೆ ಕೆಲಸ ಮುಗೀತು. ಇನ್ನು ಸಂಪ್ ಮುಚ್ಚಳ ಅಂದ್ರೆ ಅದರ ಕಥೆಯೇ ಬೇರೆ, ಕುಡಿಯೋ ನೀರು, ಅದಕ್ಕೆ ಒಳಗೆ ಕೊಳಕು ನೀರು ಇಳೀದಂಗೆ ಅಂಚು ಎತ್ತರ ಇರ್ಬೇಕು, ನೆಲದ ಮಟ್ಟಕ್ಕೆ ಟೈಲ್ಸ್ ಮಾಡೋ ಆಸೆ ಅಲ್ಲಿ ಬೇಡ.

ಈಗ ಮೇಸ್ತ್ರಿ ಹೇಳೋ ಪರಿಹಾರ, ಅಂದ್ರೆ ಹಳೇ ಚಪ್ಪಡಿ ಮೇಲೆ ಟೈಲ್ಸ್ ಅಂಟಿಸಿ ಮರೆತುಬಿಡೋದು. ಬೇಡವೇ ಬೇಡ. ಬ್ಲಾಕ್ ಆದ ದಿನ ಟೈಲ್ಸ್ ಒಡೀಬೇಕಾಗುತ್ತೆ, ಅದೇ ಡಿಸೈನ್ ಟೈಲ್ ಆಮೇಲೆ ಸಿಗಲ್ಲ, ಸಿಕ್ಕಿದ್ರೂ ಬ್ಯಾಚ್ ಬೇರೆ ಆಗಿ ಶೇಡ್ ಕೂರಲ್ಲ. ಅದು ಬರೀ ದುಡ್ಡಿನ ಮಾತು. ಅದಕ್ಕಿಂತ ದೊಡ್ಡದು ಚಪ್ಪಡಿಯ ಕೆಳಗೆ ನಡೆಯೋದು: ಕೊಳಚೆಯಿಂದ ಏಳೋ ಹೈಡ್ರೋಜನ್ ಸಲ್ಫೈಡ್ ಗಾಳಿ ಒದ್ದೆ ಕಾಂಕ್ರೀಟಿಗೆ ತಾಗಿ, ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಸಲ್ಫ್ಯೂರಿಕ್ ಆಸಿಡ್ ಮಾಡುತ್ತೆ, ಆ ಆಸಿಡ್ ಸಿಮೆಂಟ್ ತಿನ್ನುತ್ತೆ, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತೆ. ಮೇಲಿಂದ ಗಟ್ಟಿಮುಟ್ಟಾಗಿ ಕಾಣೋ ಚಪ್ಪಡಿ ಕೆಳಗಿಂದ ಹಳೇ ಬೆಲ್ಲದ ಥರ ಪುಡಿಪುಡಿ ಆಗಿರುತ್ತೆ. ತೆಗೆಯೋ ಹಂಗಿದ್ರೆ ಅದು ಕಣ್ಣಿಗೆ ಬೀಳುತ್ತೆ, ಟೈಲ್ಸ್ ಕೆಳಗೆ ಹೂತುಬಿಟ್ರೆ ಯಾರದಾದ್ರೂ ಕಾಲು ಒಳಗೆ ಹೋದಾಗಲೇ ಗೊತ್ತಾಗೋದು. ಹಾಗಾಗಿ ಹೊಸ ನೆಲ ಹಾಕಿಸೋ ಮುಂಚೆ ಹಳೇ ಚಪ್ಪಡಿ ಮಗುಚಿ ಅಡಿ ಭಾಗಕ್ಕೆ ಸುತ್ತಿಗೆಯಲ್ಲಿ ತಟ್ಟಿ ನೋಡಿ, ಉದುರ್ತಾ ಇದ್ರೆ ಅದಕ್ಕೆ ಇನ್ನೊಂದು ಅವಕಾಶ ಕೊಡ್ಬೇಡಿ.

ಕವರ್ ಯಾವುದು ಅನ್ನೋ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಆ ಚೇಂಬರ್ ಅಲ್ಲಿರಲೇಬೇಕಾ? ಒಂದು ಕಡೆಯಿಂದ ಪೈಪ್ ಬಂದು ಇನ್ನೊಂದು ಕಡೆ ನೇರ ಹೋಗೋದಾದ್ರೆ, ಮಧ್ಯ ಬೇರೆ ಲೈನ್ ಸೇರದೇ ಇದ್ರೆ, ತೆರೆದ ಚೇಂಬರಿನ ಅಗತ್ಯ ಇಲ್ಲ. ಎಸ್‌ಡಬ್ಲ್ಯುಆರ್ (ಕೊಳಚೆ, ಮಳೆ ನೀರಿಗೆ ಬರೋ) ಪಿವಿಸಿ ಪೈಪನ್ನೇ ಒಳಗಿಂದ ಹಾಯಿಸಿ, ಮೇಲ್ಮುಖವಾಗಿ ಒಂದು ಡೋರ್ ಟೀ ಇಲ್ಲಾ ವೈ (ಪಕ್ಕಕ್ಕೆ ಇನ್ನೊಂದು ಬಾಯಿ ಇರೋ ಪೈಪ್ ತುಂಡು) ಹಾಕಿ ಸ್ಕ್ರೂ ಮುಚ್ಚಳದ ಕ್ಲೀನ್‌ಔಟ್ ತಂದು, ಸುತ್ತ ಮರಳು ತುಂಬಿ ಮೇಲೆ ಕಾಂಕ್ರೀಟ್ ಹಾಕಬಹುದು. ವಾಸನೆ ಪೈಪಿನೊಳಗೇ ಉಳಿಯುತ್ತೆ, ಜಿರಳೆಗೆ ದಾರಿ ಇಲ್ಲ, ನೆಲದಲ್ಲಿ ಕಾಣೋದು 300 ಎಂಎಂ ಚೌಕದ ಸಣ್ಣ ಮುಚ್ಚಳ ಅಷ್ಟೇ. ಯುಟಿಲಿಟಿ (ಬಟ್ಟೆ ಒಗೆಯೋ ಜಾಗ) ಬಿಟ್ಟು ಹಾಲ್, ಬೆಡ್‌ರೂಮಲ್ಲಿ ಚೇಂಬರ್ ಇರೋರಿಗೆ ನಾನು ಮೊದ್ಲು ಹೇಳೋದೇ ಇದು, ಖರ್ಚು ಒಂದೇ ಸಲ. ಆದ್ರೆ ಇಳಿಜಾರು ಸರಿ ಇರ್ಬೇಕು, 4 ಇಂಚಿನ ಪೈಪಿಗೆ ಸಾಮಾನ್ಯವಾಗಿ 40 ಅಡಿಗೆ 1 ಅಡಿ ಇಳಿಜಾರು ಕೊಡ್ತಾರೆ, ಮತ್ತೆ ಅದರ ಹಿಂದೆ ಮುಂದೆ ತೆಗೆಯೋ ಹಂಗಿರೋ ಇನ್ನೊಂದು ಚೇಂಬರ್ ಹೊರಗೆ ಇರ್ಬೇಕು. ಎರಡು ಮೂರು ಲೈನ್ ಅಲ್ಲೇ ಕೂಡೋದಾದ್ರೆ ಈ ಆಟ ಬೇಡ, ಜೋಡಣೆ ಇರೋ ಕಡೆನೇ ಕಸ ಕಟ್ಟೋದು, ಅಲ್ಲಿ ಕೈ ಆಡೋಷ್ಟು ಬಾಯಿ ಬೇಕು.

ಚೇಂಬರ್ ಇರಲೇಬೇಕು ಅಂತಾದ್ರೆ ನಮ್ಮ ಕಡೆ ಎಲ್ಲರ ತಲೆಗೂ ಮೊದ್ಲು ಬರೋದು ಗ್ರಾನೈಟ್. ಮೆಟ್ಟಿಲಿಗೆ, ಕಿಚನ್ ಸ್ಲ್ಯಾಬಿಗೆ ತಂದಿದ್ದ ತುಂಡು ಉಳಿದಿರುತ್ತೆ, ಕಟ್ ಮಾಡೋನು ಮನೆಯಲ್ಲೇ ಇರ್ತಾನೆ, ಸುತ್ತ ಎಲ್ ಆಂಗಲ್ ಕೂರಿಸಿ ಮೇಲೆ ಚಪ್ಪಡಿ ಇಟ್ರೆ ಆಯ್ತು. ಖರ್ಚು ಕಡಿಮೆ, ಒಗೆಯೋ ಜಾಗಕ್ಕೆ ಚೆನ್ನಾಗೇ ಇರುತ್ತೆ, ಆಸಿಡ್ ಹಾಕಿ ತೊಳೆದ್ರೂ ಅಷ್ಟಾಗಿ ಏನೂ ಆಗಲ್ಲ. 2 ಅಡಿ ಚೌಕದ 20 ಎಂಎಂ ಗ್ರಾನೈಟ್ ಸುಮಾರು 19-20 ಕೆಜಿ ತೂಗುತ್ತೆ, ಇಬ್ಬರು ಆರಾಮಾಗಿ ಎತ್ತಬಹುದು. ಇದರ ದೌರ್ಬಲ್ಯ ಇರೋದು ಬಾಗುವಿಕೆಯಲ್ಲಿ. ಕಲ್ಲು ಒತ್ತಡ ಎಷ್ಟಾದ್ರೂ ತಡೆಯುತ್ತೆ ಆದ್ರೆ ಎರಡು ಅಂಚಿನ ಮೇಲೆ ಕೂತು ನಡುವೆ ಏಟು ಬಿದ್ರೆ ಸೂಚನೆ ಕೊಡದೇ ಮುರಿಯುತ್ತೆ, ಸ್ಟೀಲ್ ಥರ ಮೊದ್ಲು ಬಗ್ಗಿ ತೋರಿಸಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ 30 ಕೆಜಿ ಆಸುಪಾಸು, ಅದನ್ನ ಡೆಲಿವರಿ ಹುಡುಗ ಧೊಪ್ ಅಂತ ಇಳಿಸೋ ಜಾಗ ಯಾವುದು ಅಂತ ನೋಡ್ಕೊಳ್ಳಿ, ಸಾಮಾನ್ಯವಾಗಿ ಅದು ಯುಟಿಲಿಟಿಯೇ. ಅದಕ್ಕೆ ಕೆಳಗೆ ಅಡ್ಡಕ್ಕೆ ಒಂದು ಆಂಗಲ್ ಕೊಡಿ, ಇಲ್ಲಾ ಚಪ್ಪಡಿಯನ್ನ ಎರಡು ಅರ್ಧ ಮಾಡಿ ನಡುವೆ ಆಧಾರ ಕೊಡಿ, ಎತ್ತೋದೂ ಸುಲಭ. ಕಡಪ ಕಲ್ಲು ಪದರ ಪದರವಾಗಿ ಏಳುತ್ತೆ, ಒದ್ದೆ ಜಾಗದಲ್ಲಿ ಅಂಚು ಉದುರುತ್ತೆ, ಅಗ್ಗ ಅಂತ ಅದಕ್ಕೆ ಹೋಗೋದು ಬೇಡ.

ಗ್ರಾನೈಟಿನ ಇನ್ನೊಂದು ಸಮಸ್ಯೆ ಎತ್ತೋ ತೂತು. ಎರಡು ತೂತು ಹೊಡೆದು ಕೊಂಡಿ ಹಾಕಿದ್ರೆ ಕಾಲಿಗೆ ಎಡವುತ್ತೆ, ಕೊಂಡಿ ಹಾಕದೇ ಬಿಟ್ರೆ ತೂತಿಂದ ವಾಸನೆ, ಜಿರಳೆ. ತೂತು ಮುಚ್ಚೋಕೆ ಅಂತ ಎಂ-ಸೀಲ್ ತುಂಬಿದ್ರೆ ಆಮೇಲೆ ಎತ್ತೋದು ಹಾರೆಯಲ್ಲೇ, ಹಾರೆ ಹಾಕಿದ್ರೆ ಪಕ್ಕದ ಟೈಲಿನ ಮೂಲೆ ಹೋಯ್ತು. ಇದಕ್ಕೆ ಪರವಾಗಿಲ್ಲ ಅನ್ನೋ ದಾರಿ ಅಂದ್ರೆ, ಕಲ್ಲಿಗೆ ಸ್ಟೀಲ್ ನಟ್ ಅಂಟಿಸಿ ಮೇಲಿಂದ ಸಪಾಟಾದ ತಲೆಯ ಬೋಲ್ಟ್ ಬಿಗಿದಿಡೋದು, ಬೇಕಾದಾಗ ಅದನ್ನ ಬಿಚ್ಚಿ ತಲೆಯಲ್ಲಿ ಬಳೆ ಇರೋ ಉದ್ದನೆ ಬೋಲ್ಟ್ ಹಾಕಿ ಎಳೆಯೋದು. ನುಣುಪಾದ ಗ್ರಾನೈಟಾದ್ರೆ ಗಾಜು ಎತ್ತೋ ಸಕ್ಷನ್ ಕಪ್ ಕೂಡ ಹಿಡಿಯುತ್ತೆ, ಒರಟು ಮೇಲ್ಮೈ ಇದ್ರೆ ಅದು ಹಿಡಿಯಲ್ಲ, ನಂಬ್ಕೊಂಡು ಬೆರಳು ಅಡಿಗೆ ಕೊಡ್ಬೇಡಿ.

ಇನ್ನು ರಿಸೆಸ್ ಕವರ್, ಅಂದ್ರೆ ನೆಲದಲ್ಲಿ ಕೂರೋ ಒಂದು ಫ್ರೇಮು, ಅದ್ರೊಳಗೆ ತಟ್ಟೆ ಥರದ ಟ್ರೇ, ಆ ಟ್ರೇಗೆ ಕಾಂಕ್ರೀಟ್ ತುಂಬಿ ಮೇಲೆ ನಿಮ್ಮದೇ ಟೈಲ್ ಅಂಟಿಸೋದು. ಮುಗಿದ ಮೇಲೆ ನೆಲದಲ್ಲಿ ಕಾಣೋದು ಎರಡು ತೆಳು ಸ್ಟೀಲ್ ಗೆರೆ ಮಾತ್ರ. ಚೆನ್ನಾಗಿ ಕೂರಿಸಿದ್ರೆ ಇದಕ್ಕೆ ಸಮ ಯಾವುದೂ ಇಲ್ಲ, ಕೆಟ್ಟದಾಗಿ ಕೂರಿಸಿದ್ರೆ ಇದರಷ್ಟು ಕಿರಿಕಿರಿ ಕೊಡೋದೂ ಯಾವುದೂ ಇಲ್ಲ.

ಮೊದ್ಲು ತೂಕ. ಇದನ್ನ ಅಂಗಡಿಯಲ್ಲಿ ಯಾರೂ ಹೇಳಲ್ಲ, ಖಾಲಿ ಟ್ರೇ ಕೈಯಲ್ಲಿ ಹಿಡಿದು ಹಗುರ ಇದೆಯಲ್ಲ ಅಂದ್ಕೊಂಡು ತರ್ತೀವಿ. 600 ಎಂಎಂ ಚೌಕದ ಟ್ರೇಗೆ 40 ಎಂಎಂ ಕಾಂಕ್ರೀಟ್ ತುಂಬಿದ್ರೆ ಅದೇ 35 ಕೆಜಿ ಹತ್ರ, ಮೇಲೆ 10 ಎಂಎಂ ಟೈಲ್ ಇನ್ನೊಂದು 8-9 ಕೆಜಿ, ಟ್ರೇಯ ತೂಕ ಬೇರೆ, ಎಲ್ಲಾ ಸೇರಿ 50 ಮುಟ್ಟುತ್ತೆ. ವಯಸ್ಸಾದ ಅಪ್ಪ ಅಮ್ಮ ಇಬ್ರೇ ಇರೋ ಮನೆಯಲ್ಲಿ ಅದನ್ನ ಎತ್ತೋರು ಯಾರು? 450 ಎಂಎಂ ಆದ್ರೆ ತುಂಬಿದ ಸಾಮಾನು 25 ಕೆಜಿಗೆ ಇಳಿಯುತ್ತೆ, 300 ಆದ್ರೆ 11ರ ಸುತ್ತ. ಚೇಂಬರ್ ಬಾಯಿ ದೊಡ್ಡದಿದ್ರೂ ಮೇಲೆ ಕಾಂಕ್ರೀಟ್ ಅಂಚು ಒಳಕ್ಕೆ ತಂದು 450ಕ್ಕೆ ಕಿರಿದು ಮಾಡಿಸಿ, ಮನೆಯೊಳಗಿನ ಆಳ ಕಡಿಮೆ ಇರೋ ಚೇಂಬರಿಗೆ ಅಷ್ಟು ಸಾಕು, ರಾಡ್ ಆಡುತ್ತೆ, ಜೋರಾಗಿ ನೀರು ಹೊಡೆದು ಬ್ಲಾಕ್ ಬಿಡಿಸೋ ಜೆಟ್ಟಿಂಗ್ ಪೈಪ್ ಇಳಿಯುತ್ತೆ. ಮನುಷ್ಯ ಇಳಿಯೋಷ್ಟು ಬಾಯಿ ಬೇಕು ಅಂತ ಯಾರಾದ್ರೂ ಅಂದ್ರೆ, ಯಾರೂ ಇಳಿಯೋ ಹಾಗೇ ಇಲ್ಲ ಅನ್ನಿ. ಸರಿಯಾದ ರಕ್ಷಣೆ ಇಲ್ಲದೇ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನ ಇಳಿಸಿ ಕ್ಲೀನ್ ಮಾಡಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ಮತ್ತೆ ಆ ಹೈಡ್ರೋಜನ್ ಸಲ್ಫೈಡ್ ಗಾಳಿ ಜಾಸ್ತಿ ಇದ್ದಾಗ ಮೂಗಿಗೆ ವಾಸನೆ ಗೊತ್ತಾಗೋದೇ ನಿಂತುಹೋಗುತ್ತೆ, ಅದೇ ಅದರ ಅಪಾಯ.

ಆಮೇಲೆ ಲೋಹ. ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆದಿದ್ರೆ ಸಾಲದು, 304 ಕೇಳಿ. 202 ಗ್ರೇಡಲ್ಲಿ ನಿಕ್ಕಲ್ ಕಡಿಮೆ, ಬಚ್ಚಲು ಯುಟಿಲಿಟಿಯಂಥ ಒದ್ದೆ ಜಾಗದಲ್ಲಿ ಬೇಗ ಕಂದು ಚುಕ್ಕೆ ಬೀಳುತ್ತೆ. ಅಂಗಡಿಯಲ್ಲಿ ಮ್ಯಾಗ್ನೆಟ್ ತೋರಿಸಿ "ನೋಡಿ ಹಿಡಿಯಲ್ಲ, ಒರಿಜಿನಲ್" ಅಂತಾರಲ್ಲ, ಅದು ಪರೀಕ್ಷೆಯೇ ಅಲ್ಲ, 202ಗೂ ಮ್ಯಾಗ್ನೆಟ್ ಹಿಡಿಯಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸ್ಕೊಳ್ಳಿ. ಅಲ್ಯೂಮಿನಿಯಂ ಫ್ರೇಮ್ ನೋಡೋಕೆ ನೀಟು, ಹಗುರ, ಆದ್ರೆ ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಮ್ಮನ್ನ ತಿನ್ನುತ್ತೆ, ಕೋಟಿಂಗ್ ಇಲ್ಲದ್ದು ತರಬಾರದು, ನೀರು ಬೀಳದ ಹಾಲ್‌ಗೆ ಓಕೆ. ಜಿಐ (ಸತು ಲೇಪಿಸಿದ ಕಬ್ಬಿಣ) ಅಗ್ಗ, ಕತ್ತರಿಸಿದ ಅಂಚಲ್ಲಿ ಸತುವಿನ ಪದರ ಹೋಗಿ ತುಕ್ಕು ಅಲ್ಲಿಂದಲೇ ಶುರು. ಇನ್ನು ನಮ್ಮ ಮನೆಗಳ ಒಂದು ಅಭ್ಯಾಸ ಇದೆ, ಟೈಲ್ಸ್ ಕೆಲಸ ಮುಗಿದ ದಿನ ಸಿಮೆಂಟ್ ಕಲೆ ಹೋಗ್ಲಿ ಅಂತ ಆಸಿಡ್ ಸುರಿದು ಉಜ್ಜೋದು. 304 ಆದ್ರೂ ಆ ಆಸಿಡ್ ತಡೆಯಲ್ಲ, ಹೊಳಪು ಹೋಗಿ ಗುಳಿ ಬೀಳುತ್ತೆ. ಕವರ್ ಇರೋ ಕಡೆ ಆಸಿಡ್ ಬಾಟ್ಲು ಬರಬಾರದು ಅಂತ ಮೊದ್ಲೇ ಹೇಳಿಬಿಡಿ, ಹೇಳಿದ್ರೂ ಹಾಕ್ತಾರೆ, ಹಾಗಾಗಿ ಫ್ರೇಮಿಗೆ ಟೇಪ್ ಸುತ್ತಿಟ್ಟು ಪಕ್ಕದಲ್ಲೇ ನಿಂತ್ಕೊಳ್ಳಿ.

ಕೂರಿಸೋ ವಿಷಯದಲ್ಲಿ ಹೆಚ್ಚಿನ ಜಗಳ ಆಗೋದು ಟೈಲ್ಸ್ ಲೇಔಟಿನಿಂದ. ಫ್ರೇಮ್ ಮೊದ್ಲು ಸಿಮೆಂಟಲ್ಲಿ ಕೂರಿಸಿಬಿಟ್ಟು ಆಮೇಲೆ ಟೈಲ್ಸ್ ಶುರು ಮಾಡಿದ್ರೆ ಜಾಯಿಂಟ್ ಗೆರೆಗೂ ಕವರಿನ ಗೆರೆಗೂ ಸಂಬಂಧವೇ ಇರಲ್ಲ, ಒಂದು ಕಡೆ ಮುಕ್ಕಾಲು ಟೈಲ್, ಇನ್ನೊಂದು ಕಡೆ ಎರಡು ಬೆರಳಿನ ಪಟ್ಟಿ. ಮೊದ್ಲು ನೆಲದ ಮೇಲೆ ಟೈಲ್ಸ್ ಒಣದಾಗಿ ಹರಡಿ, ಯಾವ ಟೈಲಿನ ಮಧ್ಯೆ ಕವರ್ ಬೀಳುತ್ತೆ ನೋಡಿ, ಅಗತ್ಯ ಬಿದ್ರೆ ಇಡೀ ರೂಮಿನ ಲೇಔಟನ್ನ ನಾಕು ಇಂಚು ಸರಿಸಿ, ಆಮೇಲೆ ಫ್ರೇಮ್. ಚೇಂಬರ್ ಬಾಯಿ ಗೋಡೆಗೆ ಸೊಟ್ಟ ಇದ್ರೂ ಫ್ರೇಮ್ ಟೈಲ್ಸ್ ಗೆರೆಗೇ ನೇರ ಇರ್ಲಿ, ಕೆಳಗಿನ ಸೊಟ್ಟ ಯಾರಿಗೂ ಕಾಣಲ್ಲ. ಟ್ರೇಯನ್ನ ಫ್ರೇಮಿನೊಳಗೆ ಇಟ್ಕೊಂಡೇ ಕಾಂಕ್ರೀಟ್ ತುಂಬಬೇಕು, ಹೊರಗೆ ತುಂಬಿ ತಂದ್ರೆ ತೆಳು ಟ್ರೇ ಜೋತುಬಿದ್ದು ನಾಲ್ಕು ಮೂಲೆ ಕೂರಲ್ಲ, ಕಾಲಿಟ್ಟಾಗಲೆಲ್ಲ ಟಕ್ ಟಕ್. ಟೈಲ್ ಗಮ್ ಸೇರಿಸಿ ಎತ್ತರ ಲೆಕ್ಕ ಹಾಕಿ ರಸಮಟ್ಟ ಇಟ್ಟು ನೋಡಿ, ಟ್ರೇ ಮೇಲಿನ ಟೈಲ್ ಅಕ್ಕಪಕ್ಕದ್ದಕ್ಕಿಂತ ಮೇಲೆದ್ರೆ ಕಾಲ್ಬೆರಳು ಹೇಳುತ್ತೆ, ಕೆಳಗಿಳಿದ್ರೆ ಒರೆಸಿದ ನೀರು ಅಲ್ಲೇ ನಿಲ್ಲುತ್ತೆ. ಟ್ರೇ ಮತ್ತು ಫ್ರೇಮಿನ ನಡುವಿನ ಸಂದಿಗೆ ಮಾತ್ರ ಗ್ರೌಟ್ ತುಂಬಬಾರದು, ನಮ್ಮ ಹುಡುಗ್ರು ಅಭ್ಯಾಸಬಲದಲ್ಲಿ ಎಲ್ಲಾ ಸಂದಿಗೂ ತುಂಬ್ತಾರೆ, ತುಂಬಿದ್ರೆ ಅಷ್ಟು ದುಡ್ಡು ಕೊಟ್ಟು ತಂದ ಕವರ್ ಮತ್ತೆ ಹೂತುಹೋದ ಚಪ್ಪಡಿ ಆಯ್ತು. ಹಾಂ, ಟೈಲಿನಲ್ಲಿ ಡಿಸೈನ್ ಹರಿವು ಇದ್ರೆ ಟ್ರೇಯ ಒಂದು ಬದಿಗೂ ಫ್ರೇಮಿನ ಒಳಬದಿಗೂ ಗುರುತು ಹಾಕಿ, ತಿರುಗಿಸಿ ಮುಚ್ಚಿದ್ರೆ ಡಿಸೈನ್ ಅಡ್ಡ ಆಗುತ್ತೆ.

ಫೈಬರ್ ಅಂದ್ರೆ ಎಫ್‌ಆರ್‌ಪಿ, ನಾರು ಸೇರಿಸಿದ ಪ್ಲಾಸ್ಟಿಕ್ ಕವರ್. ಹಗುರ, ತುಕ್ಕು ಅನ್ನೋದೇ ಇಲ್ಲ, ಚರಂಡಿ ಗಾಳಿಗೆ ಜಗ್ಗಲ್ಲ, ಕಳ್ಳರು ಗುಜರಿಗೆ ಹಾಕಲ್ಲ. ಒಬ್ಬರೇ ಹೆಂಗಸ್ರು ಎತ್ತಿ ಗಲ್ಲಿ ಟ್ರಾಪ್ ಕ್ಲೀನ್ ಮಾಡ್ಕೋಬಹುದು, ಇದಕ್ಕೆ ಸಾಟಿಯಾದ ಅನುಕೂಲ ಬೇರೆ ಯಾವುದಕ್ಕೂ ಇಲ್ಲ. ನೋಟ ಮಾತ್ರ ಫುಟ್‌ಪಾತ್ ನೋಟ. ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ ಪಕ್ಕ, ಯಾರ ಕಣ್ಣೂ ಬೀಳದ ಕಡೆ, ತಿಂಗಳಿಗೊಮ್ಮೆ ತೆಗೆಯೋ ಜಾಗಕ್ಕೆ ಕಣ್ಣು ಮುಚ್ಚಿ ಇದನ್ನೇ ಹಾಕಿ. ಎರಕದ ಕಬ್ಬಿಣದ್ದು ಮನೆಯೊಳಗೆ ಬೇಡ, ಭಾರ, ತುಕ್ಕಿನ ನೀರು ಟೈಲ್ಸ್ ಜಾಯಿಂಟಿಗೆ ಇಳಿದು ಕೆಂಪು ಕಲೆ ಕೂರುತ್ತೆ. ರೆಡಿಮೇಡ್ ಕಾಂಕ್ರೀಟ್ ಕವರ್ ಅಂಗಳಕ್ಕೆ ಸರಿ.

ಮುಚ್ಚಿದ ಪೋರ್ಟಿಕೊದಲ್ಲಿ ಕಾರ್ ಹತ್ತೋದಾದ್ರೆ ಭಾರದ ದರ್ಜೆ ನೋಡಲೇಬೇಕು. ಕಾಂಕ್ರೀಟ್ ಕವರುಗಳ ಭಾರತೀಯ ಮಾನಕ ಐಎಸ್ 12592ರಲ್ಲಿ ಎಲ್‌ಡಿ 2.5, ಎಂಡಿ 10, ಎಚ್‌ಡಿ 20 (ಹಗುರ, ಮಧ್ಯಮ, ಭಾರಿ) ಅಂತ ಬರುತ್ತೆ, ಆ ಸಂಖ್ಯೆ ಟನ್ ಲೆಕ್ಕ. ರಿಸೆಸ್ ಮತ್ತೆ ಫೈಬರ್ ಕವರುಗಳ ಮೇಲೆ ಹೆಚ್ಚಾಗಿ ಯುರೋಪಿನ ಇಎನ್ 124ರ ಎ15, ಬಿ125 ಇರುತ್ತೆ, ಎ15 ಅಂದ್ರೆ ಒಂದೂವರೆ ಟನ್, ಬಿ125 ಅಂದ್ರೆ ಹನ್ನೆರಡೂವರೆ. ಜನ ಓಡಾಡೋ ಒಳಗಿನ ನೆಲಕ್ಕೆ ಎ15 ಧಾರಾಳ, ಕಾರಿಗೆ ಬಿ125 ತಗೊಳ್ಳಿ, ಗ್ರಾನೈಟ್ ಚಪ್ಪಡಿ ಮಾತ್ರ ಕಾರಿನ ಚಕ್ರದ ದಾರಿಯಲ್ಲಿ ಇಡಬೇಡಿ.

ವಾಸನೆ ವಿಷಯಕ್ಕೆ ಬಂದ್ರೆ ಯಾವ ಕವರೂ ತಾನಾಗೇ ವಾಸನೆ ನಿಲ್ಲಿಸಲ್ಲ, ನಿಲ್ಲಿಸೋದು ಸಂದಿಯ ರಬ್ಬರ್. ರಿಸೆಸ್ ಕವರ್ ತರುವಾಗ ಡಬಲ್ ಸೀಲ್ (ಎರಡು ಸಾಲು ರಬ್ಬರ್) ಇರೋದು, ನಾಲ್ಕು ಮೂಲೆಯಲ್ಲಿ ಬೋಲ್ಟ್ ಬಿಗಿಯೋದು ಕೇಳಿ, ಮನೆಯೊಳಗಿಗೆ ಅದಿಲ್ಲದ್ದು ವ್ಯರ್ಥ. ರಬ್ಬರಿಗೆ ಸಿಲಿಕಾನ್ ಗ್ರೀಸ್ ಸವರಿ, ಗಾಡಿಗೆ ಹಾಕೋ ಗ್ರೀಸ್ ಬೇಡ, ಇಂಥ ಸೀಲಿಗೆ ಹಾಕೋ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿಹೋಗುತ್ತೆ. ಗ್ರಾನೈಟಿಗೆ ಆಂಗಲ್ ಮೇಲೆ ರಬ್ಬರ್ ಪಟ್ಟಿ ಅಂಟಿಸಿ ಸುತ್ತ ಸಂದಿಗೆ ಸಿಲಿಕಾನ್ ಕೊಟ್ರೆ ಆಗುತ್ತೆ, ತೆಗೆಯುವಾಗ ಬ್ಲೇಡಲ್ಲಿ ಕುಯ್ದು ಮತ್ತೆ ಹೊಸದಾಗಿ ಕೊಡೋದು, ವರ್ಷಕ್ಕೊಮ್ಮೆ ತೆಗೆಯೋ ಜಾಗಕ್ಕೆ ಅದೇನು ದೊಡ್ಡ ಕೆಲಸ ಅಲ್ಲ.

ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. ಹಳೇ ಮನೆಗಳಲ್ಲಿ ಟೆರೇಸಿಗೆ ಹೋಗೋ ವೆಂಟ್ ಪೈಪ್ ಇರಲ್ಲ, ಇದ್ರೂ ಮೇಲೆ ರೂಮ್ ಕಟ್ಟುವಾಗ ಕತ್ತರಿಸಿರ್ತಾರೆ, ಇಷ್ಟು ದಿನ ಲೈನ್ ಉಸಿರಾಡ್ತಿದ್ದದ್ದೇ ಆ ಸೋರೋ ಚಪ್ಪಡಿಯ ಸಂದಿಯಿಂದ. ಅದನ್ನ ಗಾಳಿಯಾಡದಂಗೆ ಬಿಗಿದ್ರೆ ಫ್ಲಶ್ ಮಾಡಿದಾಗ ಬಚ್ಚಲ ನಾನಿ ಟ್ರಾಪಲ್ಲಿ (ನೆಲದ ನೀರು ಇಳಿಯೋ ತೂತಲ್ಲಿ) ಗುಳುಗುಳು ಶುರುವಾಗುತ್ತೆ, ಟ್ರಾಪಲ್ಲಿ ನಿಲ್ಲಬೇಕಾದ ಎರಡು ಇಂಚು ನೀರನ್ನ ಲೈನ್ ಎಳ್ಕೊಂಡುಬಿಡುತ್ತೆ, ಆಮೇಲೆ ವಾಸನೆ ಬಚ್ಚಲಿಂದ. ಕವರ್ ಸರಿಯಿಲ್ಲ ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗೋ ಮುಂಚೆ ವೆಂಟ್ ಇದೆಯಾ ನೋಡಿ, ಇಲ್ಲದಿದ್ರೆ ಕವರಿನ ಜೊತೆಗೇ ಅದನ್ನೂ ಹಾಕಿಸಿ.

ಮಳೆಗಾಲದ ವಾಪಸ್ ನೀರಿಗೂ ಕವರ್ ಔಷಧಿ ಅಲ್ಲ. ಟೆರೇಸ್ ನೀರನ್ನ ಯುಜಿಡಿಗೆ ಬಿಟ್ಟಿರೋ ಬೀದಿಗಳಲ್ಲಿ ಜೋರು ಮಳೆಗೆ ಲೈನ್ ತುಂಬಿ ತಗ್ಗಿನ ಮನೆಗೆ ವಾಪಸ್ ನುಗ್ಗುತ್ತೆ. ಬೋಲ್ಟ್ ಬಿಗಿದ ಕವರ್ ಇದ್ರೆ ಅಲ್ಲಿ ಬರಲ್ಲ, ಆದ್ರೆ ನೀರು ಸುಮ್ನಿರುತ್ತಾ, ಕೆಳಮಟ್ಟದ ಬಚ್ಚಲಿಂದ ಬರುತ್ತೆ. ಅದಕ್ಕೆ ಬೇಕಾದ್ದು ಮನೆ ಲೈನ್ ಬೀದಿ ಲೈನಿಗೆ ಸೇರೋ ಮುಂಚೆ ಹೊರಗಿನ ಚೇಂಬರಲ್ಲಿ ಒಂದು ನಾನ್ ರಿಟರ್ನ್ ವಾಲ್ವ್, ಅದನ್ನೂ ಆಗಾಗ ತೆಗೆದು ಕಸ ಬಿಡಿಸಬೇಕು. ಬೀದಿ ಕಡೆಯ ಬ್ಲಾಕಾದ್ರೆ ಬೆಂಗಳೂರಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಮನೆ ಚೇಂಬರ್ ಕೆದಕಿ ಪ್ರಯೋಜನ ಇಲ್ಲ.

ಬಚ್ಚಲಲ್ಲಿ ಚೇಂಬರ್ ಇರೋರು ಒಂದು ನೆನಪಿಟ್ಕೊಳ್ಳಿ, ಇಳಿಜಾರು ಕವರಿನ ಕಡೆಗೆ ಬರಬಾರದು, ಟ್ರಾಪ್ ಕಡೆಗೇ ಹೋಗ್ಬೇಕು, ಕವರ್ ಒಣಗಿರೋ ಮೂಲೆಗೆ ಬಂದ್ರೆ ಇನ್ನೂ ಒಳ್ಳೇದು. ಬೆಲೆಯಲ್ಲಿ ಉಳಿದ ಗ್ರಾನೈಟ್ ತುಂಡೇ ಅಗ್ಗ, ಆಮೇಲೆ ಫೈಬರ್, 304 ರಿಸೆಸ್ ದುಬಾರಿ, ಡಬಲ್ ಸೀಲಿಗೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಂತ ಮನೆಯೆಲ್ಲಾ ಒಂದೇ ಹಾಕ್ಬೇಕು ಅಂತ ಇಲ್ಲ, ಹಾಲ್‌ಗೆ ರಿಸೆಸ್, ಯುಟಿಲಿಟಿಗೆ ಫೈಬರ್ ಅಂತ ಬೇರೆ ಬೇರೆ ಮಾಡಿದ್ರೆ ದುಡ್ಡೂ ಉಳಿಯುತ್ತೆ. ವಾಸ್ತು ನೋಡೋರಲ್ಲಿ, ಈಶಾನ್ಯದಲ್ಲಿ ಚೇಂಬರ್ ಇದ್ರೆ ಕವರ್ ಬಣ್ಣ ಬದಲಾಯಿಸಿ ಅಂತ ಸಲಹೆ ಕೊಡೋರನ್ನೂ ನೋಡಿದೀನಿ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಅವರ ಬಣ್ಣಕ್ಕೆ ಡಬಲ್ ಸೀಲ್ ಇದ್ರೆ ಸಾಕು.

ಕವರ್ ಮೇಲೆ ಫ್ರಿಡ್ಜ್, ಬೀರು, ದಿವಾನ ಇಡೋ ಪ್ಲಾನ್ ಇದ್ರೆ ಅದು ಮುಚ್ಚಿದ ಹಾಗೇ, ಹೂತ ಹಾಗೇ. ಜೆಟ್ಟಿಂಗ್ ಗಾಡಿ ರಸ್ತೆಯಲ್ಲಿ ನಿಲ್ಲುತ್ತೆ, ಅದರ ಪೈಪ್ ಬಾಗಿಲಿಂದ ಕವರ್ ತನಕ ಎಳೆಯೋಕೆ ದಾರಿ ಬೇಕು, ಅದನ್ನೂ ನೋಡ್ಕೊಂಡು ಸಾಮಾನು ಇಡಿ. ರಿಸೆಸ್ ಕವರಿನ ಜೊತೆ ಎರಡು ಎತ್ತೋ ಕೀ ಬರುತ್ತೆ, ಕೆಲಸ ಮುಗಿದ ದಿನ ಅವು ಮೇಸ್ತ್ರಿಯ ಚೀಲಕ್ಕೆ ಹೋಗೋದು ಗ್ಯಾರಂಟಿ, ಇಸ್ಕೊಂಡು ಮೀಟರ್ ಬೋರ್ಡ್ ಹತ್ರ ಒಂದು ಮೊಳೆಗೆ ನೇತುಹಾಕಿ, ಅದೇ ಬ್ಯಾಚಿನ ನಾಲ್ಕು ಟೈಲ್ ಅಟ್ಟದ ಮೇಲೆ ಎತ್ತಿಡಿ, ಮತ್ತೆ ಮೇಸ್ತ್ರಿ ಲೆಕ್ಕ ಚುಕ್ತಾ ಮಾಡೋ ಮುಂಚೆ ಅವರ ಕೈಯಲ್ಲೇ ಒಂದು ಸಲ ಕವರ್ ತೆಗೆಸಿ ಮುಚ್ಚಿಸಿ.